ಮಾಳಿಗೆಗೆ ಮಣ್ಣು ಹಾಕುವ ಪರಸಪ್ಪ

ಪರಸಪ್ಪ ಊರಲ್ಲಿ ನಡೆದು ಹೋಗುವಾಗ ಯಾರ ಮುಖವನ್ನೂ ನೋಡುವುದಿಲ್ಲ, ಮಾಳಿಗೆ ನೋಡುತ್ತಾನೆ. ಎದುರಿಗೆ ಬಂದವರು ಮಾತಾಡಿಸಿದರೆ ‘ಹೂಂ’ ಅನ್ನುತ್ತಾನೆ, ಕಣ್ಣು ಮಾತ್ರ ಅವರ ತಲೆಯ ಮೇಲಿಂದ ಹಾದು ಹಿಂದಿನ ಮನೆಯ ಮಾಳಿಗೆಯಂಚಿನ ಕುಂಬಿಯ ಮೇಲೆ ನಿಂತಿರುತ್ತದೆ. ಗೊತ್ತಿಲ್ಲದವರು ಇದನ್ನು ಸೊಕ್ಕು ಅಂತಾರೆ. ಅರವತ್ತು ದಾಟಿದ, ಅಕ್ಕನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಲಗುವ ಮನುಷ್ಯನಿಗೆ ಎಲ್ಲಿಯ ಸೊಕ್ಕು? ಅವನಿಗಿರುವುದು ಭಯ. ಆ ಭಯ ಎಲ್ಲಿಂದ ಬಂತು, ಅದರಲ್ಲಿ ನನ್ನ ಪಾಲೆಷ್ಟು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸಂಜೀವಕುಮಾರ. ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮೂರು ಇಂಗಳೇಶ್ವರದ ಆಚೆ, ಬಸ್ಸು ದಿನಕ್ಕೆರಡು ಸಲ ಬರುವ ಸಣ್ಣ ಹಳ್ಳಿ. ಮಗಳ ಕಾಲೇಜಿನ ಸಲುವಾಗಿ ಹೆಂಡತಿ ವಿಜಯಪುರದಲ್ಲಿದ್ದಾಳೆ. ಊರಿನ ಹಳೆಯ ಮನೆಯಲ್ಲಿ ನಾನು ಮತ್ತು ನನ್ನ ಅವ್ವ ಸಿದ್ದಲಿಂಗವ್ವ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಅಗ್ನಿಶಿಲೆ, ಜಲಜಶಿಲೆ, ಭೂಕಂಪದ ನಾಲ್ಕು ಕಾರಣ ಎಂದು ಬರೆಸಿದ್ದೇನೆ. ನಾಲ್ಕು ಕಾರಣಕ್ಕೆ ನಾಲ್ಕು ಅಂಕ. ಆ ಪಾಠ ಮಾಡಿ ಮನೆಗೆ ಬಂದು, ತಲೆಯ ಮೇಲೆ ಏನಿದೆ ಎಂದು ಒಂದು ದಿನವೂ ಕತ್ತೆತ್ತಿ ನೋಡಿದವನಲ್ಲ. ಇಂಥ ಮಾಸ್ತರನಿಗೆ ಏನನ್ನಬೇಕೋ ನೀವೇ ಅನ್ನಿರಿ.

ನಮ್ಮ ಕಡೆಯ ಹಳೆಯ ಮನೆಗಳಿಗೆ ಹಂಚಿಲ್ಲ. ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಬರೀ ಕೆಸರು, ಗೋಡೆಯ ಮೇಲೆ ಬೇವಿನ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆಯ ಚಕ್ಕೆ, ಆಮೇಲೆ ಮಣ್ಣು; ಈ ಮಣ್ಣಿನ ಚಾವಣಿಗೇ ಮಾಳಿಗೆ ಅನ್ನುವುದು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆಗಾಲದಲ್ಲಿ ಮಾತ್ರ ಸೋರುವ ಕಾಟ. ಅದಕ್ಕೇ ಪ್ರತಿ ಬೇಸಿಗೆಗೆ ಹಳ್ಳದ ದಂಡೆಯಿಂದ ಕರಲು ಮಣ್ಣು ತಂದು ಮಾಳಿಗೆಗೆ ಒಂದು ಪದರ ಹಾಕಿ, ನೀರು ಚಿಮುಕಿಸಿ ತುಳಿಯಬೇಕು. ಕರಲು ಎಂದರೆ ಉಪ್ಪಿನಂಶದ ಬಿಳಿಮಣ್ಣು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಸುಲಭಕ್ಕೆ ಇಳಿಯುವುದಿಲ್ಲ. ಹಾಕುವ ಕೆಲಸ ಪರಸಪ್ಪನದು, ಅವನಿಗಿಂತ ಮುಂಚೆ ಅವನಪ್ಪನದು. ಹಳೆಯ ಪದರ ತೆಗೆಯುವ ಕೆಲಸ ಯಾರದ್ದೂ ಅಲ್ಲ. ಯಾರೂ ಹೇಳಲಿಲ್ಲ, ಯಾರೂ ತೆಗೆಯಲಿಲ್ಲ.

ಮಣ್ಣಿನ ವಿಷಯದಲ್ಲಿ ಅವನು ಭಾರೀ ಕಟ್ಟುನಿಟ್ಟು. ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ನೋಡಿ, ಉಪ್ಪು ಸಾಲದಿದ್ದರೆ ಗಾಡಿಯನ್ನೇ ವಾಪಸು ತಿರುಗಿಸುತ್ತಿದ್ದ. ‘ಪರಸಪ್ಪ ಕಾಕಾ, ಉಪ್ಪಿನಕಾಯಿ ಹಾಕಾಕತ್ತೀಯೇನು’ ಎಂದು ನಾವು ಹುಡುಗರು ಛೇಡಿಸಿದರೆ, ‘ನಿಮ್ಮ ಮನ್ಯಾಗ ಒಂದ ಹನಿ ಬಿದ್ದರ ಬಂದು ನನ್ನ ಕೇಳ್ರಿ’ ಎನ್ನುತ್ತಿದ್ದ. ತಾಯಿ ಇಲ್ಲದೆ ಬೆಳೆದವನು. ಅವನಪ್ಪ ಮಾಳಿಗೆಯ ಮೇಲೆ ಮಣ್ಣು ತುಳಿಯುವಾಗ ಇವನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತಿರುತ್ತಿದ್ದನಂತೆ. ಆಗಷ್ಟೇ ಮದುವೆಯಾಗಿ ಬಂದಿದ್ದ ನನ್ನ ಅವ್ವ ಅವನಿಗೆ ಬಿಸಿ ರೊಟ್ಟಿ ಮುರಿದು ಹಾಲಲ್ಲಿ ಹಾಕಿ ಕೊಡುತ್ತಿದ್ದಳು. ಹೆಂಡತಿ ಸತ್ತ ಮೇಲಂತೂ ಹಬ್ಬ ಹುಣ್ಣಿಮೆಗೆ ಅವನ ಊಟ ನಮ್ಮಲ್ಲಿಯೇ. ಹೀಗಾಗಿ ಊರಿನ ಎಲ್ಲ ಮಾಳಿಗೆಗಿಂತ ನಮ್ಮ ಮಾಳಿಗೆಗೆ ಅವನು ಎರಡು ಬುಟ್ಟಿ ಜಾಸ್ತಿಯೇ ಹಾಕುತ್ತಿದ್ದ. ಪ್ರೀತಿಯಿಂದ ಹಾಕಿದ ಮಣ್ಣದು.

ಹೋದ ವರ್ಷ ಶ್ರಾವಣದಲ್ಲಿ ಎಂಟು ದಿನ ಬಿಡದೆ ಮಳೆ ಹೊಯ್ದಿತು. ಮಳೆ ನಿಂತ ಮೂರನೆಯ ದಿನ ಸಂಜೆ ನೆಲದೊಳಗಿಂದ ಮೊದಲ ಸಲ ಆ ಸದ್ದು ಬಂತು. ಗುಡುಗು ಮೇಲಿಂದ ಬಂದರೆ ಮನುಷ್ಯ ತಲೆ ಎತ್ತುತ್ತಾನೆ. ಇದು ಅಂಗಾಲಿನ ಕೆಳಗೆ ಗುರುಗುಟ್ಟಿತು. ಕಪಾಟಿನ ಭಾಂಡೆಗಳು ಗಲಗಲ ಅಂದವು, ಕಟ್ಟಿದ ಎಮ್ಮೆ ಹಗ್ಗ ಜಗ್ಗಿ ಅಡ್ಡಾದಿಡ್ಡಿ ಕುಣಿಯಿತು. ನಾಲ್ಕು ಕಾರಣ ಬಾಯಿಪಾಠ ಇದ್ದ ನಾನು ಅವ್ವನನ್ನು ಒಳಗೇ ಬಿಟ್ಟು ಎಲ್ಲರಿಗಿಂತ ಮುಂಚೆ ಓಣಿಯಲ್ಲಿ ನಿಂತಿದ್ದೆ. ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಆದದ್ದು.

ಆಮೇಲೆ ದಿನಕ್ಕೊಂದು ಸಲ, ಕೆಲವೊಮ್ಮೆ ಮೂರು ಸಲ. ಜನ ಮನೆ ಬಿಟ್ಟು ಹೊಲಗಳಲ್ಲಿ, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ, ಶಾಲೆಯ ಅಂಗಳದಲ್ಲಿ ತಾಡಪತ್ರಿ ಹೊದ್ದು ಮಲಗತೊಡಗಿದರು. ಮೊಬೈಲಿನಲ್ಲಿ ಒಂದೊಂದು ದಿನ ಒಂದೊಂದು ಸುದ್ದಿ: ಮಂಗಳವಾರ ಹನ್ನೆರಡಕ್ಕೆ ದೊಡ್ಡದು ಆಗ್ತದಂತೆ, ಕೊಲ್ಹಾರದ ಹಿನ್ನೀರು ನೆಲದ ಕೆಳಗಿಂದ ನಮ್ಮ ತನಕ ಬಂದಿದೆಯಂತೆ, ಇಂಡಿಯ ಕಡೆ ಬೆಂಕಿ ಉಕ್ಕಿತಂತೆ. ಒಂದೂ ನಿಜವಲ್ಲ. ಆದರೆ ಅಂಗಾಲಿನ ಕೆಳಗೆ ಗುರುಗುಟ್ಟುವುದು ನಿಜವಾಗಿತ್ತಲ್ಲ, ಅದರ ಜೊತೆ ಎಲ್ಲವೂ ನಿಜವೇ ಅನ್ನಿಸುತ್ತಿತ್ತು.

ಈ ಅಲುಗಾಟದಲ್ಲಿ ಮಾಳಿಗೆಗಳು ಬಿರುಕು ಬಿಟ್ಟವು. ಬಿರುಕಿನಿಂದ ನೀರು ಸೋರಿತು. ಸೋರಿದರೆ ನಮ್ಮೂರಿನವರಿಗೆ ಗೊತ್ತಿರುವ ಮದ್ದು ಒಂದೇ. ಎಲ್ಲರೂ ಪರಸಪ್ಪನ ಶೆಡ್ಡಿನ ಮುಂದೆ ಸಾಲು ಹಚ್ಚಿದರು. ಮಳೆ ಬಿಡುವು ಕೊಟ್ಟ ಹತ್ತು ದಿನದಲ್ಲಿ ಅವನು ಇಪ್ಪತ್ತೆರಡು ಮನೆಗಳಿಗೆ ಹೊಸ ಮಣ್ಣು ಹಾಕಿದ. ಮೊದಲು ನಮ್ಮದಕ್ಕೆ, ಕೊನೆಗೆ ತನ್ನ ಅಕ್ಕ ಹುಚ್ಚವ್ವನದಕ್ಕೆ. ಹುಚ್ಚವ್ವನ ಮಗಳು ಸುನೀತಾ ಹೆರಿಗೆಗೆಂದು ದೇವರ ಹಿಪ್ಪರಗಿಯಿಂದ ತವರಿಗೆ ಬಂದಿದ್ದಳು. ಬಾಣಂತಿಯ ಕೋಣೆಯಲ್ಲಿ ಹನಿ ಬೀಳಬಾರದೆಂದು ಅಲ್ಲಿ ಎರಡು ಪದರ ಹಾಕಿದನಂತೆ.

ಶೈಲಶ್ರೀ ಬಾಯಿಯವರು ಬಂದದ್ದು ಆಮೇಲೆ; ಕಲಿತ ಹೆಂಗಸರನ್ನು ನಮ್ಮಲ್ಲಿ ಗೌರವದಿಂದ ಬಾಯಿ ಎನ್ನುತ್ತೇವೆ. ಭೂವಿಜ್ಞಾನಿ, ಸಿಂದಗಿ ಕಡೆಯ ಹೆಣ್ಣುಮಗಳು, ಹೊರಗಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಶಾಲೆಯ ಸಾಮಾನಿನ ಕೋಣೆಯಲ್ಲಿ ಕಂಪನ ಅಳೆಯುವ ಯಂತ್ರ ಇಟ್ಟು, ಮುದ್ದೇಬಿಹಾಳದ ಹತ್ತಿರ ಇನ್ನೊಂದು ಇಟ್ಟು, ನಾಲ್ಕು ದಿನ ನೋಡಿ, ಐದನೆಯ ದಿನ ಶಾಲೆಯ ಅಂಗಳದಲ್ಲಿ ಊರನ್ನು ಕೂಡಿಸಿದರು. ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದರು. ದೊಡ್ಡ ಸಭೆಗಳಲ್ಲಿ ಮಾತಾಡಿ ಮಾತಾಡಿ ಅವರ ಬಾಯಲ್ಲಿ ಪುಸ್ತಕದ ಕನ್ನಡ ಕೂತುಬಿಟ್ಟಿತ್ತು. ಜನ ಮಿಕಿಮಿಕಿ ನೋಡಿದರು. ಆಗ ನಾನು ಎದ್ದು ನಿಂತೆ. ಯಾರೂ ಕರೆದಿರಲಿಲ್ಲ.

‘ನೀವು ಹೇಳ್ರಿ ಮೇಡಮ್, ನಾ ಇವರಿಗೆ ತಿಳಿಸಿ ಹೇಳ್ತೇನಿ’ ಎಂದೆ.

ಅವರು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ‘ಇಲ್ಲಿಯ ತನಕ ದಾಖಲಾದ ಕಂಪನಗಳೆಲ್ಲ ಸಣ್ಣವು. ಮಳೆನೀರು ಬಂಡೆಯ ಬಿರುಕುಗಳಿಗೆ ಇಳಿದದ್ದು ಒಂದು ಕಾರಣ ಇರಬಹುದು, ಖಚಿತವಾಗಿ ಹೇಳಲಾರೆವು. ದೊಡ್ಡದು ಆಗಿಯೇ ಆಗುತ್ತದೆ ಎಂದು ಹೆದರಬೇಕಿಲ್ಲ. ಆಗುವುದೇ ಇಲ್ಲ ಎಂದೂ ಯಾವ ವಿಜ್ಞಾನಿಯೂ ಮಾತು ಕೊಡಲಾರ. ನಿಮ್ಮ ಮನೆಗಳು ಎಷ್ಟು ತಡೆಯುತ್ತವೆ ಎಂಬುದನ್ನು ತಕ್ಷಣ ನೋಡಬೇಕು.’

ನಾನು ಜನರ ಕಡೆ ತಿರುಗಿ ಹೇಳಿದ್ದು ಇಷ್ಟು: ‘ಎಲ್ಲಾ ಸಣ್ಣವಂತ. ಮಳಿ ನೀರು ಒಳಗ ಹೋಗಿ ಹಂಗ ಸಪ್ಪಳ ಮಾಡ್ತೈತಂತ. ಏನೂ ಆಗೂದಿಲ್ಲ. ಮನಿಗೆ ನಡೀರಿ.’

ಯಾಕೆ ಹಾಗೆ ಹೇಳಿದೆ? ತಿಂಗಳಿಂದ ಹೊರಗೆ ಮಲಗಿ ಜನರ ಕಣ್ಣು ಕೆಂಪಾಗಿದ್ದವು, ಕೂಸುಗಳಿಗೆ ಕೆಮ್ಮು ಹತ್ತಿತ್ತು ಎಂದು ಸಮಜಾಯಿಷಿ ಕೊಡಬಹುದು. ನಿಜ ಅದಲ್ಲ. ಮಾಸ್ತರನಿಗೆ ಒಂದೇ ಸಾಲಿನ ಉತ್ತರ ಬೇಕು. ‘ಇರಬಹುದು, ಹೇಳಲಾರೆವು’ ಎಂಬುದು ನನ್ನ ಲೆಕ್ಕದಲ್ಲಿ ಉತ್ತರವೇ ಅಲ್ಲ, ಅದಕ್ಕೆ ನಾನು ಅಂಕ ಕೊಟ್ಟವನಲ್ಲ. ಬಾಯಿಯವರು ತಡೆದು ಏನೋ ಹೇಳಹೋದರು, ಅಷ್ಟರಲ್ಲಿ ಜನ ನಿಟ್ಟುಸಿರು ಬಿಟ್ಟು ತಾಡಪತ್ರಿ ಮಡಚಿದ್ದರು. ದಾರಿಯಲ್ಲಿ ಇಬ್ಬರು ನನ್ನ ಕೈ ಹಿಡಿದು ‘ಮಾಸ್ತರ, ಪುಣ್ಯಾ ಬಂತ್ರಿ ನಿಮಗ’ ಎಂದರು. ನಾನು ಉಬ್ಬಿಹೋದೆ.

ಹಿಂದೆ ಉಳಿದವನು ಪರಸಪ್ಪ ಒಬ್ಬನೇ. ಯಂತ್ರದ ವೈರು ಸುತ್ತುತ್ತಿದ್ದ ಬಾಯಿಯವರ ಹತ್ತಿರ ಹೋಗಿ ಕೇಳಿದ, ‘ಬಾಯಾರ, ನೆಲ ಅಲಗಿದರ ಮಂದಿ ಯಾಕ ಸಾಯ್ತಾರ್ರಿ? ನೆಲಾ ಬಾಯಿ ತೆಗದು ನುಂಗತೈತೇನು?’

ಅವರು ವೈರು ಕೆಳಗಿಟ್ಟರು. ಅವರ ಬಾಯಲ್ಲಿ ಸಿಂದಗಿಯ ಮಾತು ಬಂತು. ‘ಇಲ್ಲರಿ ಯಜಮಾನ್ರ. ಬಯಲಾಗ ನಿಂತಾವಗ ನೆಲ ಏನೂ ಮಾಡೂದಿಲ್ಲ. ತೊಂಬತ್ತಮೂರರಾಗ ಕಿಲ್ಲಾರಿ ಭೂಕಂಪ ಆತಲ್ರಿ, ಅಲ್ಲಿಂದ ಇಲ್ಲಿ ತನಕ ಅಲಗಿತ್ತು, ನೆನಪೈತಿಲ್ಲೋ? ಅಲ್ಲಿ ಮಂದೀನ ಕೊಂದಿದ್ದು ಗ್ವಾಡಿ ಕಲ್ಲು, ಮತ್ತ ಮಾಳಗಿ ಮಣ್ಣು. ವರ್ಷಾ ವರ್ಷಾ ಹಾಕಿ ಹಾಕಿ ಮೊಳಗಟ್ಲೆ ದಪ್ಪ ಮಾಡಿಟ್ಟಿದ್ರು.’

ಪರಸಪ್ಪ ತಲೆ ಎತ್ತಿ ಸುತ್ತಲಿನ ಮಾಳಿಗೆಗಳನ್ನು ಒಂದೊಂದಾಗಿ ನೋಡಿದನಂತೆ. ಆಮೇಲೆ, ‘ನನ್ನ ಕೂಡ ಬರ್ರಿ’ ಎಂದು ಅವರನ್ನು ನೇರ ನಮ್ಮ ಮನೆಗೆ ಕರೆತಂದ. ನಾನು ಚಹಾ ಕುಡಿಯುತ್ತ ಕೂತಿದ್ದೆ. ಏಣಿ ಹಚ್ಚಿ ಇಬ್ಬರೂ ಮಾಳಿಗೆ ಏರಿದರು. ನಾನೂ ಹಿಂದೆ ಹೋದೆ. ಪರಸಪ್ಪ ಒಂದು ಕಬ್ಬಿಣದ ಸಲಾಕೆ ತಂದು ಮಣ್ಣಿನಲ್ಲಿ ಊರಿದ. ಅದು ಇಳಿಯುತ್ತಲೇ ಹೋಯಿತು. ಚಕ್ಕೆಗೆ ತಾಗಿದಾಗ ಮೇಲಿನ ಗುರುತಿಗೆ ಬೆರಳು ಹಿಡಿದು ಹೊರಗೆ ಎಳೆದ. ಎರಡು ಮೊಳದ ಮೇಲೆ ನಾಲ್ಕು ಬೆರಳು.

ಬಾಯಿಯವರು ಹೆಜ್ಜೆ ಹಾಕಿ ಪಡಸಾಲೆಯ ಉದ್ದಗಲ ಅಳೆದರು. ‘ಸರ, ಈ ಒಂದು ಪಡಸಾಲಿ ಮ್ಯಾಲ ಏಳೆಂಟು ಟ್ರೇಲರ್ ಮಣ್ಣೈತಿ. ಮಳಿ ಹತ್ತಿ ತೊಯ್ದರ ಇನ್ನೂ ಭಾರ ಆಗ್ತೈತಿ. ತೊಲಿ ಎಷ್ಟು ವರ್ಷದ್ದು?’ ಎಂದರು. ನನ್ನ ಅಜ್ಜನ ಕಾಲದ್ದು ಎಂದೆ. ‘ಹಂಗಾದ್ರ ದೊಡ್ಡ ಭೂಕಂಪ ಏನೂ ಬೇಕಾಗಿಲ್ಲ. ಸಣ್ಣದು ಸಾಕು. ಒಳಗ ಯಾರು ಮಲಗ್ತಾರ?’

‘ನಮ್ಮವ್ವ’ ಎಂದೆ.

‘ಇಳಿಸಿಬಿಡ್ರಿ ಈ ಮಣ್ಣು. ಎಲ್ಲಾ ಕಡಿಯಿಂದ ಸಮಾ ತೆಗೀರಿ, ಒಂದ ಕಡೆ ಗುಂಪಿ ಹಾಕಬ್ಯಾಡ್ರಿ. ಮ್ಯಾಲ ತಾಡಪತ್ರಿ ಹೊಚ್ಚಿದ್ರಾತು. ನಿಮ್ಮ ಮನೀದು ಮೊದಲ ತೆಗದ್ರ ಊರವರೂ ತೆಗೀತಾರ. ಅವರು ನಿಮ್ಮ ಮಾತು ಕೇಳ್ತಾರ.’ ಕೊನೆಯ ಮಾತು ಹೇಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಶಾಲೆಯ ಅಂಗಳದಲ್ಲಿ ನಾನು ನುಂಗಿದ ಮಾತನ್ನು ಅವರು ಮರೆತಿರಲಿಲ್ಲ ಅನ್ನಿಸಿತು. ಮರುದಿನ ಅವರು ಮುದ್ದೇಬಿಹಾಳದ ಯಂತ್ರ ನೋಡಲು ಹೋದರು.

ಪರಸಪ್ಪ ಅವತ್ತಿನಿಂದ ಬೇರೆ ಮನುಷ್ಯನಾದ. ಊಟ ಬಿಟ್ಟ. ಹಗಲೆಲ್ಲ ಸಲಾಕೆ ಹಿಡಿದುಕೊಂಡು ಓಣಿ ಓಣಿ ತಿರುಗಿ, ಪ್ರತಿ ಮನೆಯ ಮುಂದೆ ನಿಂತು ಮೇಲೆ ನೋಡುತ್ತಿದ್ದ. ಯಾವ ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ ಎಂದು ಊರಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ನಮ್ಮ ಅವ್ವ ಕರೆದು ರೊಟ್ಟಿ ಕೊಟ್ಟರೆ ಒಳಗೆ ಬಂದು ತಿನ್ನಲೊಲ್ಲ. ಹೊಸ್ತಿಲ ಆಚೆ ನಿಂತು, ‘ನೀವ ಹೊರಗ ಬರ್ರಿ ಅವ್ವಾರ, ಇಲ್ಲೇ ಕುಂತು ಮಾತಾಡೂಣು’ ಅನ್ನುತ್ತಿದ್ದ.

ನನ್ನ ಹತ್ತಿರ ದಿನಾ ಸಂಜೆ ಬಂದ. ‘ಸರ, ನಾಳಿಗೆ ಸುರು ಮಾಡ್ಲೇನ್ರಿ?’

‘ಮಳಿ ಮೋಡ ಹೊತ್ತು ನಿಂತೈತಿ ಕಾಕಾ. ತಾಡಪತ್ರಿ ಏನ ತಡೀತೈತಿ? ಮನಿ ತುಂಬ ನೀರ ಆಗ್ತೈತಿ. ದೀಪಾವಳಿ ಮುಗೀಲಿ.’

‘ಸರ, ನಾ ಹಾಕಿದ ಮಣ್ಣರಿ ಅದು. ನನಗ ನಿದ್ದಿ ಬರವಲ್ದು. ಕಣ್ಣ ಮುಚ್ಚಿದ್ರ ಜಂತಿ ಮುರಿಯೂ ಸಪ್ಪಳ ಕೇಳ್ತೈತಿ.’

‘ಸುಮ್ಕ ಮನಿಗೆ ಹೋಗ್ ಕಾಕಾ. ಆ ಬಾಯಿ ನಿನ್ನ ತಲಿ ಕೆಡಿಸ್ಯಾಳ.’

ಹಾಗೆ ಅಂದೆ ನಾನು. ಮಳೆಯ ನೆಪ ಸುಳ್ಳೇನಲ್ಲ, ಆದರೆ ಒಳಗಿನ ಮಾತು ಬೇರೆಯಿತ್ತು. ‘ಏನೂ ಆಗೂದಿಲ್ಲ’ ಎಂದು ಊರ ಮುಂದೆ ಹೇಳಿದ ಮಾಸ್ತರ ತನ್ನ ಮನೆಯ ಮಾಳಿಗೆಯನ್ನೇ ಬಿಚ್ಚಿಸಿದರೆ ಜನ ಏನಂದಾರು? ನನ್ನ ಮಾನದ ಚಿಂತೆಯಲ್ಲಿ ನಾನಿದ್ದೆ. ಅವ್ವ ಒಳಗೆ ಮಲಗುತ್ತಿದ್ದಳು. ಅವ್ವನಿಗೆ ಯಾರೂ ಏನೂ ಹೇಳಲಿಲ್ಲ. ಹೇಳಬೇಡವೆಂದು ಪರಸಪ್ಪನಿಗೆ ನಾನೇ ತಾಕೀತು ಮಾಡಿದ್ದೆ.

ಆ ವಾರದ ಕೊನೆಗೆ ಮಳೆ ಹಿಡಿಯಿತು. ಎರಡು ದಿನ, ಎರಡು ರಾತ್ರಿ. ನನಗೂ ಒಳಗೊಳಗೇ ಹೆದರಿಕೆ ಶುರುವಾಯಿತು. ಹಾಸಿಗೆಯಲ್ಲಿ ಬಿದ್ದುಕೊಂಡು ತೊಲೆ ನೋಡಿದರೆ ಅದು ನಿನ್ನೆಗಿಂತ ಒಂದು ಬೆರಳು ಬಾಗಿದಂತೆ ಕಾಣುತ್ತಿತ್ತು. ಇಲ್ಲ, ನನ್ನ ಭ್ರಮೆ ಎಂದು ಮಗ್ಗುಲಾಗುತ್ತಿದ್ದೆ. ಮೂರನೆಯ ದಿನ ಮಳೆ ಸ್ವಲ್ಪ ಹಿಂಗಿತು. ನಾನು ಬೈಕ್ ಹತ್ತಿ ಬಾಗೇವಾಡಿಗೆ ಹೋದೆ.

ಮುಂದಿನದು ನಾನು ನೋಡಿದ್ದಲ್ಲ, ಅವ್ವ ಹೇಳಿದ್ದು. ಹನ್ನೊಂದರ ಸುಮಾರಿಗೆ ಪರಸಪ್ಪ ಬಂದ. ಬಾಗಿಲಲ್ಲಿ ನಿಂತು ಪಡಸಾಲೆಯ ತೊಲೆ ನೋಡಿದ. ಗೋಡೆಯ ಮೇಲೆ ತೊಲೆ ಕೂತ ಜಾಗದಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು, ಹಿಟ್ಟು ಸಾಣಿಸಿದ ಹಾಗೆ. ಅವ್ವ ಒಳಗೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಹೊರಗೆ ಬಾ ಎಂದರೆ ಅವಳು ಬರುವವಳಲ್ಲ, ಅಲುಗಾಟ ಸುರುವಾದ ದಿನದಿಂದ ಅವಳದು ಒಂದೇ ಮಾತು: ‘ನಾ ಎಲ್ಲಿಗಿ ಹೋಗ್ಲಿ, ನನ್ನ ಮನಿ ಇದು.’

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಮಾಳಿಗೆಗೆ ಮಣ್ಣು ಹಾಕಿದ ಮೇಲೆ ಮನೆಯ ಹಿರಿಯ ಹೆಣ್ಣುಮಗಳು ಅಂಗಳಕ್ಕೆ ಬಂದು, ತಲೆ ಎತ್ತಿ ನೋಡಿ, ಸರಿಯಾಗಿದೆ ಎಂದು ಹೇಳಿ, ಹಾಕಿದವನ ಟಾವೆಲ್ಲಿಗೆ ಗೋದಿ, ಬೆಲ್ಲ ಕೂಡಿಸಿ ಮಾಡಿದ ಮಾದಲಿ ಹಾಕಬೇಕು. ಹಾಗೆ ಹೇಳುವ ತನಕ ಕೆಲಸ ಮುಗಿದ ಹಾಗಲ್ಲ. ಈ ಸಲ ಗಡಿಬಿಡಿಯಲ್ಲಿ ಅದು ಆಗಿರಲಿಲ್ಲ.

‘ಅವ್ವಾರ’ ಎಂದ ಪರಸಪ್ಪ, ‘ಮಣ್ಣ ಹಾಕಿ ತಿಂಗಳಾತು. ನೀವಿನ್ನೂ ನೋಡೇ ಇಲ್ಲ. ನನ್ನ ಕೆಲಸಾ ಕೆಟ್ಟೈತಂತ ಸಿಟ್ಟೇನ್ರಿ?’

‘ಹುಚ್ಚಾ, ಮಳ್ಯಾಗ ಏನ ನೋಡ್ಲೋ?’

‘ಮಳಿ ನಿಂತೈತ್ರಿ. ಒಂದೀಟ ಬರ್ರಿ. ಮಾದಲಿ ಇಲ್ದಿದ್ರ ಬ್ಯಾಡ, ಬೆಲ್ಲಾ ಕೊಡ್ರಿ.’

ಅವ್ವನ ಮನಸ್ಸು ಕರಗಿತು. ಮೊಣಕಾಲು ಹಿಡಿದು ಎದ್ದು, ಬೆಲ್ಲದ ಉಂಡೆ ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದಳು. ‘ಇಲ್ಲಿಂದ ಕಾಣೂದಿಲ್ರಿ, ಇನ್ನ ಈಟ ಹಿಂದ ಬರ್ರಿ’ ಎಂದ. ಬಂದಳು. ‘ಇನ್ನ ಈಟ.’ ಓಣಿಯ ನಡುವಿನ ತನಕ ಅವಳನ್ನು ಹಾಗೆ ನಡೆಸಿಕೊಂಡು ಬಂದ. ಅವನ ದನಿ ನಡುಗುತ್ತಿತ್ತಂತೆ; ಜ್ವರ ಬಂದಿದೆಯೇನೋ ಎಂದುಕೊಂಡಳಂತೆ ಅವ್ವ. ಅವಳು ತಲೆ ಎತ್ತಿ, ಸೆರಗು ಹಣೆಗೆ ಹಿಡಿದು ನೋಡುವ ಹೊತ್ತಿಗೆ ಕಾಲಡಿ ಗುರುಗುಟ್ಟಿತು. ಅಂಥ ದೊಡ್ಡದೇನೂ ಅಲ್ಲ, ಎಂದಿನಷ್ಟೇ. ಒಳಗೆ ಏನೋ ಚಟ್ಟೆಂದು ಮುರಿಯಿತು. ಪಡಸಾಲೆಯ ಮಾಳಿಗೆ ಮೊದಲು ನಡುವೆ ಕುಸಿಯಿತು, ಆಮೇಲೆ ಗೋಡೆಗಳನ್ನು ಒಳಗೆ ಎಳೆದುಕೊಂಡು ಪೂರ್ತಿ ಕೂತುಬಿಟ್ಟಿತು.

ನನಗೆ ಫೋನು ಬಂದಾಗ ಹತ್ತನೆಯ ತರಗತಿಯಲ್ಲಿದ್ದೆ. ‘ನಿಮ್ಮ ಮನಿ ಬಿತ್ತು’ ಎಂದಷ್ಟೇ ಕೇಳಿತು, ಲೈನು ಹೋಯಿತು. ಆ ದಾರಿ ಹೇಗೆ ಬಂದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಸಲಾಕೆ ಇಳಿಯುತ್ತಲೇ ಇತ್ತು. ಓಣಿಗೆ ಬಂದು ನೋಡಿದರೆ ಮನೆ ಇದ್ದಲ್ಲಿ ಬಿಳಿಮಣ್ಣಿನ ದಿಬ್ಬ, ಅದರ ಮೇಲೆ ಜನ, ಗುದ್ದಲಿ. ‘ಅವ್ವಾ’ ಎಂದು ನಾನು ಒದರಿದ್ದು ನನಗೇ ಕೇಳಲಿಲ್ಲ. ಬೈಕು ಅಲ್ಲೇ ಬಿಟ್ಟು ದಿಬ್ಬಕ್ಕೆ ಬಿದ್ದು ಎರಡೂ ಕೈಯಿಂದ ಮಣ್ಣು ಕೆದರತೊಡಗಿದೆ. ಯಾರೋ ರಟ್ಟೆ ಹಿಡಿದು ಎಬ್ಬಿಸಿ ಎದುರಿನ ಕಟ್ಟೆ ತೋರಿಸಿದರು.

ಅವ್ವ ಅಲ್ಲಿ ಕೂತಿದ್ದಳು. ಪಕ್ಕದಲ್ಲಿ ಪರಸಪ್ಪ ಕುಕ್ಕರಗಾಲಲ್ಲಿ ಕೂತು, ದಿಬ್ಬದ ಬಿಳಿಮಣ್ಣನ್ನೇ ನೋಡುತ್ತಿದ್ದ. ನಾನು ಅವ್ವನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳು ನನ್ನ ತಲೆಯ ಮೇಲೆ ಕೈಯಿಡಲಿಲ್ಲ.

‘ಪರಸಪ್ಪ ಎಲ್ಲಾ ಹೇಳಿದ’ ಎಂದಳು. ‘ಆ ಬಾಯಿ ಹೇಳಿದ್ದ ಪೂರಾ ಮಾತು ನೀ ಊರಿಗೆ ಯಾಕ ಹೇಳಲಿಲ್ಲೋ ಸಂಜೂ? ನನಗರ ಯಾಕ ಹೇಳಲಿಲ್ಲ?’

ನಾನು ಎದ್ದು ಕೈಗೆ ಹತ್ತಿದ ಮಣ್ಣು ಕೊಡವಿಕೊಂಡೆ.

ಮಧ್ಯಾಹ್ನ ಶೈಲಶ್ರೀ ಬಾಯಿಯವರಿಗೆ ಫೋನು ಮಾಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಅವ್ವಾರು ಉಳದ್ರಲ್ಲ, ಆತು. ಮಳಿ ಮತ್ತ ಬರಾಕತ್ತೈತಿ ಸರ, ಈಗ ಯಾರೂ ಮಾಳಗಿ ಏರೂದು ಬ್ಯಾಡ, ತೊಯ್ದ ಮಣ್ಣಿನ ಮ್ಯಾಲ ಆಳ ಭಾರ ಬೀಳಬಾರದು. ಮಂದೀನ ಹೊರಗ ತಗೀರಿ. ಸಾಲ್ಯಾಗಿನ ಹೊಸಾ ಖೋಲಿ ಗಟ್ಟಿ ಅದಾವು, ನಾ ನೋಡೇನಿ. ಅಲ್ಲಿ ಇಡ್ರಿ. ನಾ ಹೊಂಟೇನಿ, ಬರೂದ್ರಾಗ ಕತ್ತಲಾಗ್ತೈತಿ’ ಎಂದರು. ಫೋನು ಇಡುವ ಮುಂಚೆ, ‘ಈ ಸಲ ಪೂರಾ ಹೇಳ್ರಿ’ ಎಂದರು.

ನಾನೂ ಪರಸಪ್ಪನೂ ಮನೆ ಮನೆಗೆ ಹೋದೆವು. ಅವನು ಮಾಳಿಗೆಯ ದಪ್ಪ ಹೇಳುತ್ತಿದ್ದ, ನಾನು ಅಂಗಳದಲ್ಲಿ ನುಂಗಿದ ಮಾತು ಹೇಳುತ್ತಿದ್ದೆ. ಸಣ್ಣದಕ್ಕೂ ಬೀಳಬಹುದು. ಬೀಳದೆಯೂ ಇರಬಹುದು. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಅವತ್ತು ನಾನು ಅರ್ಧ ಹೇಳಿದೆ, ತಪ್ಪು ನಂದು. ನಮ್ಮ ಮನೆಯ ದಿಬ್ಬ ಕಣ್ಣ ಮುಂದೆಯೇ ಇತ್ತು, ಹೆಚ್ಚಿನವರು ಹಾಸಿಗೆ ಸುತ್ತಿಕೊಂಡು ಶಾಲೆಯ ಕಡೆ ನಡೆದರು. ಕೆಲವರು ನನ್ನ ಕಾಲ ಬಳಿ ಉಗಿದರು. ಉಗಿಸಿಕೊಂಡೆ.

ಸಂಜೆ ಆರಕ್ಕೆ ಹುಚ್ಚವ್ವನ ಮನೆಗೆ ಬರುವಾಗ ಮಳೆ ದಪ್ಪ ಹನಿಯಾಗಿತ್ತು. ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತಳು. ಒಳಗೆ ಕತ್ತಲ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಹೊಗೆ, ಸುನೀತಾ, ಹದಿನೆಂಟು ದಿನದ ಕೂಸು.

‘ಹಸೀ ಬಾಣಂತೀನ, ಕೂಸಿನ್ನ ಈ ಮಳ್ಯಾಗ ಹೊರಗ ಕಳಸ್ಲೇನು?’ ಎಂದಳು. ‘ಥಂಡಿ ಹತ್ತಿ ಸತ್ರ ಯಾರು ಕೊಡ್ತೀರಿ? ಸಾಲಿ ಅಂಗಳದಾಗ ಏನೂ ಆಗೂದಿಲ್ಲ ಅಂದವ್ರು ನೀವ, ಮಾಸ್ತರ. ಈಗ ಆಗ್ತೈತಿ ಅನ್ನವ್ರೂ ನೀವ. ನಾ ಯಾವ ಮಾತ ನಂಬಲಿ?’

‘ಅವರದು ಬ್ಯಾಡ ಅಕ್ಕಾ, ನನ್ನ ಮಾತ ಕೇಳು’ ಎಂದ ಪರಸಪ್ಪ.

‘ನಿನ್ನ ಮಾತ? ಈ ಮಣ್ಣ ಹಾಕಿದಾಂವ ಯಾರು? ಹೋಗ್ರಿ ಇಬ್ರೂ.’

ಪರಸಪ್ಪ ಚಪ್ಪಲಿ ಬಿಟ್ಟು, ಅಕ್ಕನ ಕೈಯ ಕೆಳಗಿಂದ ಬಗ್ಗಿ ಒಳಗೆ ಹೋಗಿ, ತೊಟ್ಟಿಲ ಪಕ್ಕ ನೆಲದ ಮೇಲೆ ಕೂತ. ‘ಬರ್ರಿ ಸರ’ ಎಂದ. ‘ಇವರು ಹೊರಗ ಬರೂತನಕ ನಾವೂ ಇದರ ಕೆಳಗ ಕುಂದ್ರೂಣು.’

ನಾನು ಹೊಸ್ತಿಲ ಹೊರಗೇ ನಿಂತೆ. ಎರಡು ಪದರ, ಹಸಿ ಮಣ್ಣು, ಮೇಲೆ ಮಳೆ. ಹೊಸ್ತಿಲ ಈಚೆ ನಿಂತರೆ ಬದುಕುತ್ತೇನೆ, ದಾಟಿದರೆ ಗೊತ್ತಿಲ್ಲ. ಓಡಿಹೋಗಬೇಕು ಅನ್ನಿಸಿತು, ದೇವರಾಣೆ ಅನ್ನಿಸಿತು. ತೊಟ್ಟಿಲಲ್ಲಿ ಕೂಸು ಸಣ್ಣಗೆ ಕುಂಯ್ಗುಟ್ಟಿತು. ನಾನು ಕಣ್ಣು ಮುಚ್ಚಿಕೊಂಡು ಒಳಗೆ ಕಾಲಿಟ್ಟೆ. ಪರಸಪ್ಪನ ಪಕ್ಕ ಕೂತೆ. ಕುತ್ತಿಗೆಯ ಮೇಲೆ ಒಂದು ಹನಿ ಬಿತ್ತು. ಒರೆಸಿ ನೋಡಿದರೆ ಕೆಸರು. ಹೊಗೆಯಲ್ಲಿ ತೊಲೆ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಅದರಿಂದ ಕಣ್ಣು ಕೀಳಲಾಗಲಿಲ್ಲ. ಎಷ್ಟು ಹೊತ್ತು ಕೂತೆವೋ. ಆಗ ಕೆಳಗಿನಿಂದ ಮತ್ತೆ ಅದು ಗುರುಗುಟ್ಟಿತು, ಮೂಲೆಯ ತಂಬಿಗೆ ಸಣ್ಣಗೆ ಅಲುಗಿತು. ನಾನು ಪರಸಪ್ಪನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹಲ್ಲು ಕಟಕಟ ಅನ್ನುತ್ತಿದ್ದವು, ತಡೆಯಲು ಆಗಲಿಲ್ಲ.

ಹುಚ್ಚವ್ವ ಮೇಲೆ ನೋಡಲಿಲ್ಲ. ನನ್ನನ್ನು ನೋಡುತ್ತ ನಿಂತಿದ್ದಳು.

‘ಮಾಸ್ತರು ಖರೇನ ಅಂಜ್ಯಾರಲ್ಲೋ ಪರಸ್ಯಾ’ ಎಂದಳು. ಆಮೇಲೆ ಮಗಳ ಕಡೆ ತಿರುಗಿ, ‘ಏಳ ಸುನೀತಾ, ಕೂಸಿನ್ನ ಕಂಬಳ್ಯಾಗ ಸುತ್ತು’ ಎಂದಳು.